ಫ್ಲೂಗೆಲ್ಸ್‌ನ ಉತ್ತರಾಧಿಕಾರಿ ಯಾರು?

ಮಾನ್ಯರೇ, ಜಪಾನಿನ ಫುಟ್‌ಬಾಲ್ ತಂಡ ಯೊಕೊಹಾಮಾ ಎಫ್‌ಸಿ ಎಂದರೆ ಹಳೆಯ ಯೊಕೊಹಾಮಾ ಫ್ಲೂಗೆಲ್ಸ್ ತಂಡವೇ ಎಂದು ತಾವು ಕೇಳಿದ್ದೀರಿ. ಕಾನೂನಿನ ಪ್ರಕಾರ ಅಲ್ಲ.

ಫ್ಲೂಗೆಲ್ಸ್‌ಗೆ ಆಲ್ ನಿಪ್ಪಾನ್ ಏರ್‌ವೇಸ್ ಎಂಬ ವಿಮಾನಯಾನ ಕಂಪನಿ ಮತ್ತು ಸಾಟೊ ಕೊಗ್ಯೊ ಎಂಬ ನಿರ್ಮಾಣ ಕಂಪನಿ ಆಧಾರವಾಗಿದ್ದವು. 1998ರಲ್ಲಿ ಸಾಟೊ ಕೊಗ್ಯೊ ಹಿಂದೆ ಸರಿದಾಗ, ಉಳಿದ ಹೊರೆಯನ್ನು ವಿಮಾನಯಾನ ಕಂಪನಿಯೊಂದೇ ಹೊರಲಾಗದೆ, ನಿಸ್ಸಾನ್ ಒಡೆತನದ ಯೊಕೊಹಾಮಾ ಮರಿನೋಸ್ ಜೊತೆ ವಿಲೀನವನ್ನು ಅಕ್ಟೋಬರ್‌ನಲ್ಲಿ ಘೋಷಿಸಲಾಯಿತು. ವಿಲೀನದೊಂದಿಗೆ ಮರಿನೋಸ್ ಹೆಸರಿನೊಳಗೆ ಫ್ಲೂಗೆಲ್ಸ್‌ನ 'ಎಫ್' ಅಕ್ಷರ ಸೇರಿತು. ನಗರದ ಎದುರಾಳಿಯೊಳಗೆ ತಮ್ಮ ತಂಡ ಕರಗಿಹೋಗುವುದನ್ನು ಅಭಿಮಾನಿಗಳು ಒಪ್ಪಲಿಲ್ಲ. ಅವರ ನೋವು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಘೋಷಣೆಯ ನಂತರ ಫ್ಲೂಗೆಲ್ಸ್ ಆಟಗಾರರು ಒಂದು ಪಂದ್ಯವನ್ನೂ ಸೋಲಲಿಲ್ಲ. 1999ರ ಜನವರಿ 1ರಂದು ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಜಪಾನಿನ ನಾಕೌಟ್ ಪಂದ್ಯಾವಳಿಯಾದ ಚಕ್ರವರ್ತಿ ಕಪ್‌ನ ಫೈನಲ್ ನಡೆಯಿತು. ಶಿಮಿಜು ಎಸ್-ಪಲ್ಸ್ ಮೊದಲು ಗೋಲು ಹೊಡೆದರೂ, ಫ್ಲೂಗೆಲ್ಸ್ ಸಮಬಲ ಸಾಧಿಸಿ, ತಕಾಯುಕಿ ಯೊಶಿದಾ ಅವರ ಗೋಲಿನಿಂದ 2-1ರಲ್ಲಿ ಗೆದ್ದಿತು. ಕಪ್ ಎತ್ತಿಹಿಡಿದ ತಂಡಕ್ಕೆ ಮುಂದೆ ಆಡಲು ಇನ್ನೊಂದು ಪಂದ್ಯವೇ ಇರಲಿಲ್ಲ.

ವಿಲೀನವನ್ನು ಒಪ್ಪದ ಅಭಿಮಾನಿಗಳು ಸದಸ್ಯರೇ ಒಡೆಯರಾಗಿರುವ ಸ್ಪೇನ್‌ನ ಬಾರ್ಸಿಲೋನಾ ಕ್ಲಬ್‌ನ ಪದ್ಧತಿಯನ್ನು ಮಾದರಿಯಾಗಿಟ್ಟುಕೊಂಡು ಹಣ ಕೂಡಿಸಿ ಯೊಕೊಹಾಮಾ ಎಫ್‌ಸಿಯನ್ನು ಕಟ್ಟಿದರು. ಅದು ಆಗಿನ ಮೂರನೇ ದರ್ಜೆಯ ಲೀಗ್ ಆದ ಜೆಎಫ್‌ಎಲ್ ದಾಟಿ 2001ರಲ್ಲಿ ಎರಡನೇ ದರ್ಜೆಯ ಜೆ2ಕ್ಕೆ, 2007ರಲ್ಲಿ ಅಗ್ರ ದರ್ಜೆಯ ಜೆ1ಕ್ಕೆ ಏರಿತು. ಆ ವರ್ಷ ಕೊನೆಯ ಸ್ಥಾನ ಪಡೆದರೂ, ಅಂತಿಮ ದಿನ ಉರಾವಾ ರೆಡ್ಸ್ ತಂಡವನ್ನು 1-0ರಿಂದ ಸೋಲಿಸಿ ಅದರ ಕೈಯಿಂದ ಲೀಗ್ ಪ್ರಶಸ್ತಿಯನ್ನೇ ಜಾರಿಸಿತು.

ಹೀಗಾಗಿ ಕಾನೂನಿನ ವಾರಸುದಾರಿಕೆ ಮರಿನೋಸ್‌ನದು, ಅಭಿಮಾನಿಗಳ ವಾರಸುದಾರಿಕೆ ಯೊಕೊಹಾಮಾ ಎಫ್‌ಸಿಯದು.