ಎರೆ ಮಣ್ಣಿನ ಗಾಲ್ಫ್ ಮೈದಾನದಲ್ಲಿ ವರ್ಷವಿಡೀ ಹೂ ಇರಬೇಕೆಂದರೆ

ಪ್ರಶ್ನೆ: ಕಲಬುರಗಿ ಹೊರವಲಯದ ನಮ್ಮ ಬಡಾವಣೆಯಲ್ಲಿ ಮೂರು ಹೋಲ್‌ಗಳ ಪುಟ್ಟ ಗಾಲ್ಫ್ ಮೈದಾನವಿದ್ದು, ಅದರ ಉಸ್ತುವಾರಿ ನನ್ನದು. ಮಳೆಗಾಲದಲ್ಲಿ ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲಿನ ಜಾಗ) ಮೇಲೆ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ. ನವೆಂಬರಿನಲ್ಲಿ ನೆಟ್ಟ ಪೆಟೂನಿಯಾ ತಿಂಗಳೊಳಗೆ ಹಳದಿಯಾಯಿತು. ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಹಾಕಿಸಿದರೂ ಪಾತಿಗಳು ಬಾಡುತ್ತವೆ. ವರ್ಷವಿಡೀ ಹೂ ಇರಬೇಕೆಂಬುದು ನಿವಾಸಿಗಳ ಆಸೆ. ಏನು ಮಾಡಬೇಕು?
– ಓದುಗರು, ಕಲಬುರಗಿ

ಉತ್ತರ: ಹೂವಿಗಿಂತ ಮೊದಲು ಗ್ರೀನ್ ಸರಿಯಾಗಬೇಕು. ನಿಮ್ಮದು ಅಪ್ಪಟ ಎರೆ ಭೂಮಿ. ನೆನೆದರೆ ಉಬ್ಬಿ ನೀರಿಗೆ ದಾರಿ ಮುಚ್ಚುತ್ತದೆ, ಒಣಗಿದರೆ ಗಾಲ್ಫ್ ಚೆಂಡೇ ಇಳಿದುಹೋಗುವಷ್ಟು ಬಾಯಿ ಬಿಡುತ್ತದೆ. ತೊಗರಿ ಹೊಲದಲ್ಲಿ ನಾಲ್ಕು ದಿನ ನೀರು ನಿಂತರೆ ಬೆಳೆಗೆ ಏನಾಗುತ್ತದೆಂದು ನಿಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಗ್ರೀನ್‌ನ ಹುಲ್ಲಿನ ಬೇರಿಗೂ ಅದೇ ಗತಿ. ಇಂಥ ಕಡೆ ನಾಲ್ಕು ಬುಟ್ಟಿ ಮರಳು ತಂದು ಎರೆಯಲ್ಲಿ ಕಲಸುವವರೇ ಹೆಚ್ಚು. ಅದರಿಂದ ಏನೂ ಆಗದು, ಜೇಡಿ ಮರಳನ್ನೂ ನುಂಗಿ ಮತ್ತೆ ಗಟ್ಟಿಯಾಗುತ್ತದೆ. ಗ್ರೀನ್‌ನಷ್ಟು ಜಾಗವನ್ನು ಮಾತ್ರ ಅಗೆದು, ತಳಕ್ಕೆ ಇಳಿಜಾರು ಕೊಟ್ಟು, ಕಾಲುವೆ ತೋಡಿ ತೂತಿನ ಪೈಪು ಹಾಕಿ. ಅದರ ಮೇಲೆ 10 ಸೆಂಟಿಮೀಟರ್ ಸಣ್ಣ ಜಲ್ಲಿ, ಜಲ್ಲಿಯ ಮೇಲೆ 30 ಸೆಂಟಿಮೀಟರ್ ತೊಳೆದ ಮರಳು ಬರಲಿ. ಖರ್ಚಿನ ಕೆಲಸ ನಿಜ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ಹಣ ಸಾಲದಿದ್ದರೆ ಈ ವರ್ಷ ಒಂದೇ ಗ್ರೀನ್ ಮಾಡಿಸಿ, ಮೂರನ್ನೂ ಅರೆಬರೆ ಮಾಡಿಸಬೇಡಿ.

ಈಗ ಪೆಟೂನಿಯಾ ವಿಷಯ. ಒಂದು ಎಳೆಯ ಎಲೆಯನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ನರಗಳು ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆ. ಎರೆಯಲ್ಲಿ ಬಿಳಿ ಸುಣ್ಣದ ಹರಳುಗಳಿರುತ್ತವೆ, ಬೋರ್‌ವೆಲ್ ನೀರೂ ಗಡಸು. ಹೀಗಾಗಿ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಕೊಡಿ. ಹಳದಿ ಕಂಡ ಕೂಡಲೇ ಯೂರಿಯಾ ಎರಚುವ ಅಭ್ಯಾಸ ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ಹಳೆಯ ಎಲೆಗಳೂ ಒಟ್ಟೊಟ್ಟಿಗೆ ಹಳದಿಯಾಗಿದ್ದರೆ ಬುಡದಲ್ಲಿ ನೀರು ನಿಂತಿದೆ ಎಂದೇ ತಿಳಿಯಿರಿ. ಪಾತಿಯನ್ನು ನೆಲಮಟ್ಟದಿಂದ ಒಂದು ಗೇಣು ಎತ್ತರಿಸಿ, ಕೆಂಪು ಮಣ್ಣು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ. ಪಾತಿಯ ಅಂಚಿಗೆ ಶಹಾಬಾದ್ ಕಲ್ಲಿನ ಪಟ್ಟಿಗಳನ್ನು ಅರ್ಧ ಅಡಿ ಆಳಕ್ಕೆ ನಿಲ್ಲಿಸಿ ಹುಗಿಯಿರಿ. ಮೈದಾನದ ಗರಿಕೆ ಹೂವಿನ ಪಾತಿಗೆ ನುಗ್ಗಿದರೆ ಮತ್ತೆ ಕೀಳುವುದು ಯಾರಿಂದಲೂ ಆಗದು. ಮಣ್ಣು ಮತ್ತು ನೀರನ್ನು ಒಮ್ಮೆ ಪರೀಕ್ಷೆ ಮಾಡಿಸುವುದೂ ಒಳ್ಳೆಯದು. ಅದಾಗುವವರೆಗೆ ಯಾರು ಹೇಳಿದರೂ ಜಿಪ್ಸಂ ಹಾಕಬೇಡಿ.

ಕಾಲಕ್ಕೆ ತಕ್ಕ ಹೂಗಳ ವಿಚಾರ. ಮೃಗಶಿರಾ ಮಳೆ ಬಿದ್ದೊಡನೆ ಕರ್ಣಕುಂಡಲ, ಕೋಳಿಜುಟ್ಟು, ಕಾಸ್ಮೋಸ್ ಬೀಜ ಹಾಕಿ. ಜುಲೈ ಮಧ್ಯದಲ್ಲಿ ಚೆಂಡುಹೂವಿನ ಸಸಿಮಡಿ ಮಾಡಿದರೆ ದಸರಾ, ದೀಪಾವಳಿಯ ಹೊತ್ತಿಗೆ ಟೀ (ಮೊದಲ ಹೊಡೆತದ ಜಾಗ) ಪಕ್ಕದ ಪಾತಿಗಳು ತುಂಬಿರುತ್ತವೆ. ಚಳಿಗಾಲವೇ ನಿಮ್ಮ ಸುಗ್ಗಿ. ಪೆಟೂನಿಯಾ, ಫ್ಲಾಕ್ಸ್, ಡಯಾಂಥಸ್, ಕ್ಯಾಲೆಂಡುಲಾ ಬೀಜಗಳನ್ನು ಸೆಪ್ಟೆಂಬರ್ ಕೊನೆಯಲ್ಲಿ ನೆರಳು ಪರದೆಯ ಕೆಳಗೆ ಟ್ರೇಗಳಲ್ಲಿ ಬಿತ್ತಿ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣದು, ಅದರ ಮೇಲೆ ಮಣ್ಣು ಮುಚ್ಚಬಾರದು. ಚಿತ್ತಾ ಮಳೆ ಮುಗಿದ ಮೇಲೆ ಪಾತಿಗೆ ವರ್ಗಾಯಿಸಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ನೋಡಲು ಎರಡು ಕಣ್ಣು ಸಾಲದು. ಮಾರ್ಚ್ ಬಿಸಿಲಿಗೆ ಇವು ಸೋಲುತ್ತವೆ. ಆಗ ಉಳಿಸಿಕೊಳ್ಳಲು ಹೆಣಗಬೇಡಿ, ಕಿತ್ತು ಗೊಬ್ಬರದ ಗುಂಡಿಗೆ ಹಾಕಿ.

ಬೇಸಿಗೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಮೇ ತಿಂಗಳ ಪಾತಿಗಳಿಗೆ ಟ್ಯಾಂಕರ್ ತರಿಸುವುದು ತಪ್ಪು. ಲೆಕ್ಕ ನೋಡಿ: 300 ಚದರ ಮೀಟರಿನ ಒಂದು ಗ್ರೀನ್‌ಗೆ ದಿನಕ್ಕೆ 6 ಮಿಲಿಮೀಟರ್ ಎಂದರೂ 1,800 ಲೀಟರ್ ನೀರು ಬೇಕು, 5,000 ಲೀಟರಿನ ಟ್ಯಾಂಕರ್ ಮೂರು ದಿನಕ್ಕೂ ಸಾಲದು. ಪಕ್ಕದ ಓಣಿಯಲ್ಲಿ ಕೊಡಗಳು ಸಾಲು ನಿಂತಿರುವಾಗ ಕುಡಿಯುವ ನೀರನ್ನು ಮೈದಾನಕ್ಕೆ ಹರಿಸುವ ಹಕ್ಕು ಯಾರಿಗೂ ಇಲ್ಲ. ಬಡಾವಣೆಯ ಶುದ್ಧೀಕರಿಸಿದ ಬಳಕೆ ನೀರು ಸಿಕ್ಕರೆ ಅದನ್ನು ಗ್ರೀನ್‌ಗೆ ಮಾತ್ರ ಕೊಡಿ, ಟೀಯಿಂದ ಗ್ರೀನ್‌ವರೆಗಿನ ಹುಲ್ಲುಹಾಸು, ಅಂದರೆ ಫೇರ್‌ವೇ, ಒಣಗಲಿ. ಗರಿಕೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ಮೊದಲ ಮಳೆಗೆ ಗೆಣ್ಣಿನಿಂದ ಚಿಗುರುತ್ತದೆ. ಪಾತಿಗಳಲ್ಲಿ ಮೂರರಲ್ಲಿ ಒಂದನ್ನು ಉಳಿಸಿಕೊಂಡು, ಫೆಬ್ರವರಿಯಲ್ಲೇ ಟೇಬಲ್ ರೋಸ್, ಜಿನಿಯಾ, ನಿತ್ಯಪುಷ್ಪ ಹಾಕಿ.

ನಿವಾಸಿಗಳು ಕೇಳುವ ಬೇಸಿಗೆಯ ಬಣ್ಣವನ್ನು ಮರಗಳಿಂದ ಪಡೆಯಿರಿ. ಮುತ್ತುಗ ಎಲೆಯೆಲ್ಲ ಉದುರಿಸಿ ಫೆಬ್ರವರಿ–ಮಾರ್ಚ್‌ನಲ್ಲಿ ಕೆಂಡದಂತೆ ಹೂ ಬಿಡುತ್ತದೆ, ಏಪ್ರಿಲ್–ಮೇ ತಿಂಗಳಲ್ಲಿ ಕಕ್ಕೆ ಹಳದಿ ಗೊಂಚಲು ಇಳಿಬಿಡುತ್ತದೆ. ಬೇಲಿಯುದ್ದಕ್ಕೂ ಕಾಗದದ ಹೂವಿನ ಬಳ್ಳಿ ಹಬ್ಬಿಸಿ, ನೀರು ಕಡಿಮೆಯಾದಷ್ಟೂ ಅದಕ್ಕೆ ಹೂ ಹೆಚ್ಚು. ಈ ಜೂನ್‌ನಲ್ಲೇ ಸಸಿ ನೆಡಿ, ಮೊದಲ ಎರಡು ಬೇಸಿಗೆ ಬುಡಕ್ಕೆ ನೀರುಣಿಸಿ. ಗ್ರೀನ್‌ನಿಂದ ಹತ್ತು ಮೀಟರ್ ದೂರವಿರಲಿ, ಇಲ್ಲವಾದರೆ ನೆರಳಿಗೆ ಹುಲ್ಲು ತೆಳುವಾಗುತ್ತದೆ.

ಪ್ರಶ್ನೆ: ಬೀದರ್‌ನಲ್ಲಿ ನಮ್ಮ ಮನೆಯ ಮುಂದೆ ಚೆಂಡು ಉರುಳಿಸಿ ಅಭ್ಯಾಸ ಮಾಡಲು ಬರ್ಮುಡಾ ಹುಲ್ಲು ಹಾಕಿಸಿದ್ದೇವೆ. ಜನವರಿಯಲ್ಲಿ ಕಂದಾಯಿತು. ಕಿತ್ತು ಹೊಸದು ಹಾಕಿಸಬೇಕೇ?
– ಓದುಗರು, ಬೀದರ್

ಉತ್ತರ: ಬೇಡ. ನಿಮ್ಮ ಊರಿನ ರಾತ್ರಿಯ ಚಳಿಗೆ ಬರ್ಮುಡಾ ಬೆಳವಣಿಗೆ ನಿಲ್ಲಿಸುತ್ತದೆ. ನೆಲದ ಮೇಲೆ ಹರಿದ ಒಂದು ಬಳ್ಳಿಯನ್ನು ಉಗುರಿನಿಂದ ಗೀರಿ ನೋಡಿ, ಒಳಗೆ ಹಸಿಯಾಗಿ ಬೆಳ್ಳಗಿದ್ದರೆ ಜೀವವಿದೆ. ಹಸಿರು ಮರಳುವವರೆಗೆ ಗೊಬ್ಬರ ನಿಲ್ಲಿಸಿ, ನೀರನ್ನು ವಾರಕ್ಕೊಮ್ಮೆ ಕೊಡಿ, ತೀರಾ ಗಿಡ್ಡಕ್ಕೆ ಕತ್ತರಿಸಬೇಡಿ. ನಿಮ್ಮ ಜಂಬಿಟ್ಟಿಗೆ ಮಣ್ಣು ನೀರು ಹಿಡಿದಿಡುವುದಿಲ್ಲ. ಆದ್ದರಿಂದ ಫೆಬ್ರವರಿ ಕೊನೆಗೆ ಹಸಿರು ಮರಳಿದ ಮೇಲೆ ಜರಡಿ ಹಿಡಿದ ಎರೆಹುಳು ಗೊಬ್ಬರವನ್ನು ತೆಳ್ಳಗೆ ಹರಡಿ, ಗಟ್ಟಿ ಪೊರಕೆಯಿಂದ ಹುಲ್ಲಿನೊಳಗೆ ಇಳಿಯುವಂತೆ ಗುಡಿಸಿ.