ತೋಟದ ಪಿಕಪ್‌ಗೂ ಪೇಟೆ ಕಾರಿಗೂ ಒಂದೇ ಅಲಾರಂ ಆಗಲ್ಲ

ಗೌಡ್ರೇ, ನೀವು ಕೇಳಿದ್ದು ಇಷ್ಟು: ಮೂಡಿಗೆರೆ ಹತ್ತಿರದ ತೋಟದಲ್ಲಿ ಹಳೇ ಡೀಸೆಲ್ ಪಿಕಪ್ ಇದೆ, ಚಿಕ್ಕಮಗಳೂರಿನ ಮನೆ ಮುಂದೆ ರಸ್ತೆ ಬದಿಯಲ್ಲಿ ನಿಲ್ಲುವ ಪೆಟ್ರೋಲ್ ಕಾರಿದೆ. ಪಕ್ಕದ ತೋಟದ ಜೀಪಿನ ಬ್ಯಾಟರಿ ಕಳುವಾಗಿದೆ, ಅದಕ್ಕೆ ಎರಡು ಗಾಡಿಗೂ ಆನ್‌ಲೈನ್‌ನಲ್ಲಿ ಸಿಗುವ ಕಡಿಮೆ ಬೆಲೆಯ ಅಲಾರಂ ಕಿಟ್ ಹಾಕಿಸೋಣ ಅಂತಿದ್ದೀರಿ. ಮೇಲೆ ಉತ್ತರ ಬರೆದ ಕೆಲವರು ಆಟೋಕಾಪ್, ಮಿಂಡಾ ಅಂತ ಕಂಪನಿ ಹೆಸರು ಕೊಟ್ಟಿದ್ದಾರೆ, ಕೊಡಲಿ. ಆದರೆ ಕಂಪನಿ ಯಾವುದು ಅನ್ನೋದಕ್ಕೆ ಮೊದಲು ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತೆ, ಎಂಜಿನ್ ಯಾವ ಥರದ್ದು ಅನ್ನೋದು ಇತ್ಯರ್ಥ ಆಗಬೇಕು. ಎರಡಕ್ಕೂ ಒಂದೇ ಕಿಟ್ ಹಾಕಿಸಿದರೆ ತೋಟದ ಗಾಡಿಗೆ ಹಾಕಿದ ದುಡ್ಡು ದಂಡ.

ಸೈರನ್ ಕೂಗುತ್ತೆ, ಅಷ್ಟೇ. ಕೇಳುವವರು ಯಾರಾದರೂ ಇರಬೇಕು. ಡಬ್ಬದ ಮೇಲೆ 110 ಡೆಸಿಬಲ್ ಅಂತ ಇದ್ದರೆ ಸಾಮಾನ್ಯವಾಗಿ ಅದು ಒಂದು ಮೀಟರ್ ದೂರದ ಲೆಕ್ಕ. ದೂರ ಎರಡರಷ್ಟು ಆದ ಹಾಗೆಲ್ಲ 6 ಡೆಸಿಬಲ್ ಇಳಿಯುತ್ತೆ. 100 ಮೀಟರ್‌ಗೆ 70 ಉಳಿಯುತ್ತೆ, 300 ಮೀಟರ್‌ಗೆ 60. ಅಂದರೆ ಎದುರು ಕೂತವರು ಮಾಮೂಲಿ ಮಾತಾಡುವಷ್ಟು ಶಬ್ದ. ಅದೂ ಬಯಲಲ್ಲಿ. ಸೈರನ್ ಬಾನೆಟ್ ಒಳಗಿದ್ದು, ನಡುವೆ ಕಾಫಿ ಗಿಡ, ಸಿಲ್ವರ್ ಮರ, ಒಂದು ದಿಣ್ಣೆ ಇದ್ದರೆ ಇನ್ನೂ ಕಮ್ಮಿ. ಜುಲೈ ಮಳೆ ಶೀಟಿನ ಮೇಲೆ ಹೊಡೆಯುವಾಗ ಲೈನ್ ಮನೆಯಲ್ಲಿರುವ ತೋಟದ ಕೆಲಸದವರಿಗೆ ಏನೂ ಕೇಳಲ್ಲ. ಹಾಗಾಗಿ ಪೇಟೆ ಕಾರಿಗೆ ಅಲಾರಂ ಸರಿ. ತೋಟದ ಪಿಕಪ್‌ಗೆ ಬೇಕಾದ್ದು ಗಾಡಿ ಕದಲದ ಹಾಗೆ ಮಾಡುವ ಬಂದೋಬಸ್ತು.

ಮೊದಲು ಪೇಟೆ ಕಾರು. ಕೀ ಆನ್ ಮಾಡಿದಾಗ ಮೀಟರ್‌ನಲ್ಲಿ ಕಾರಿನ ಚಿತ್ರದ ಜೊತೆ ಕೀಲಿ ಗುರುತಿನ ದೀಪ ಬಂದು ಆರುತ್ತಾ ನೋಡಿ. ಬಂದರೆ ನಿಮ್ಮ ಕೀಯಲ್ಲಿ ಚಿಪ್ ಇದೆ, ಆ ಚಿಪ್ ಸಿಗದೆ ಎಂಜಿನ್ ಹಿಡಿಯಲ್ಲ. ಅಂಥ ಕಾರಿಗೆ ಹೊರಗಿನ ಕಿಟ್‌ನಿಂದ ಎಂಜಿನ್ ಕಟ್ ಮಾಡಿಸಲೇ ಬೇಡಿ. ಕಂಪನಿ ಮಾಡಿಟ್ಟಿರೋದು ಅದಕ್ಕಿಂತ ಗಟ್ಟಿ, ನೀವು ಸೇರಿಸಿದರೆ ಕೆಟ್ಟು ನಿಲ್ಲೋಕೆ ಇನ್ನೊಂದು ಜಾಗ ಆಯ್ತು ಅಷ್ಟೇ. ಸೈರನ್, ಬಾಗಿಲು ಮತ್ತು ಬಾನೆಟ್‌ಗೆ ಸ್ವಿಚ್, ಬಡಿತ ಹಿಡಿಯುವ ಶಾಕ್ ಸೆನ್ಸರ್ ಇಷ್ಟು ಸಾಕು.

ಕಿಟ್ ತಗೊಳ್ಳುವಾಗ ರಿಮೋಟ್ ಮುಖ್ಯ. ಡಬ್ಬದ ಮೇಲೆ ರೋಲಿಂಗ್ ಕೋಡ್ ಅಥವಾ ಹಾಪಿಂಗ್ ಕೋಡ್ ಅಂತ ಇರಬೇಕು. ಪ್ರತಿ ಸಲ ಒತ್ತಿದಾಗಲೂ ಅದು ಬೇರೆ ಕೋಡ್ ಕಳಿಸುತ್ತೆ. ‘ಲರ್ನಿಂಗ್ ಕೋಡ್’ ಅಂತ ಮಾತ್ರ ಇದ್ದರೆ ಮೋಸ ಹೋಗಬೇಡಿ, ಹೊಸ ರಿಮೋಟನ್ನು ಕಲಿಸಬಹುದು ಅಂತ ಮಾತ್ರ ಅದರ ಅರ್ಥ, ಕೋಡ್ ಒಂದೇ ಇರುತ್ತೆ. ಒಂದೇ ಕೋಡಿನ ರಿಮೋಟನ್ನು ಗೇಟ್ ರಿಮೋಟ್ ನಕಲು ಮಾಡುವ ಸಣ್ಣ ಸಾಧನದಲ್ಲೇ ಎತ್ತಿಕೊಳ್ಳಬಹುದು. ನೀವು ನೋಡಿರುವಂಥ ಅಗ್ಗದ ಕಿಟ್‌ಗಳಲ್ಲಿ ಹೆಚ್ಚಿನವು ಇಂಥವೇ.

ಎರಡನೇದು ಸೈರನ್. ಒಳಗೇ ಬ್ಯಾಟರಿ ಇರುವ ಸೈರನ್ ಕೇಳಿ ತಗೊಳ್ಳಿ, ಪಕ್ಕದಲ್ಲಿ ಅದನ್ನು ಆಫ್ ಮಾಡೋ ಸಣ್ಣ ಕೀ ತೂತು ಇರುತ್ತೆ. ಕಾರಿನ ಬ್ಯಾಟರಿ ತಂತಿ ಕತ್ತರಿಸಿದರೂ ಅದು ಕೂಗುತ್ತೆ. ಮಾಮೂಲಿ ಸೈರನ್ ಆದರೆ ಬಾನೆಟ್ ಎತ್ತಿ ಒಂದು ತಂತಿ ಕಿತ್ತರೆ ಕಥೆ ಮುಗೀತು. ಕೂರಿಸುವಾಗ ಬಾಯಿ ಕೆಳಗೆ ನೋಡಬೇಕು, ಇಲ್ಲದಿದ್ದರೆ ಮಳೆ ನೀರು ನಿಂತು ಒಂದೇ ವರ್ಷಕ್ಕೆ ಗೊಗ್ಗರು ದನಿ ಬರುತ್ತೆ. ಎಂಜಿನ್‌ನಿಂದ ಸೈಲೆನ್ಸರ್‌ಗೆ ಬಿಸಿ ಹೊಗೆ ಹೋಗುವ ಮ್ಯಾನಿಫೋಲ್ಡ್ ಹತ್ತಿರ ಬೇಡ. ಇದರ ಜೊತೆ ಡ್ಯಾಶ್‌ಬೋರ್ಡ್ ಹಿಂದೆ ಒಂದು ಸಣ್ಣ ಪೀಜೋ ಸೈರನ್ ಸೇರಿಸಿ. ಬಾಗಿಲು ಮುಚ್ಚಿದ ಕಾರಿನೊಳಗೆ ಆ ಶಬ್ದದಲ್ಲಿ ಕೂತು ಕೆಲಸ ಮಾಡೋದು ಕಷ್ಟ. ಕಡಿಮೆ ಖರ್ಚಿನಲ್ಲಿ ಇಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ, ಆದರೂ ಕೇಳಿ ಹಾಕಿಸುವವರು ಕಮ್ಮಿ.

ಇನ್ನು ಶಾಕ್ ಸೆನ್ಸರ್. ಅಲಾರಂಗಳು ಸೋಲೋದೇ ಇಲ್ಲಿ. ಗುಡುಗಿಗೆ, ಪಟಾಕಿಗೆ, ಮರದ ಲಾರಿ ಹೋದರೆ, ಬಾನೆಟ್ ಮೇಲೆ ಬೆಕ್ಕು ಹಾರಿದರೆ ಕೂಗಿಕೊಂಡರೆ ಒಂದು ವಾರದಲ್ಲಿ ಅಕ್ಕಪಕ್ಕದವರು ಕಿಟಕಿ ತೆಗೆದು ನೋಡೋದು ಬಿಡ್ತಾರೆ, ಎರಡನೇ ವಾರ ಮನೆಯವರೇ ಆಫ್ ಮಾಡ್ತಾರೆ. ಎರಡು ಹಂತದ ಸೆನ್ಸರ್ ಇರಲಿ, ಮೆಲ್ಲಗೆ ತಟ್ಟಿದರೆ ಎರಡು ಚಿಲಿಪಿಲಿ, ಜೋರಾಗಿ ಬಡಿದರೆ ಪೂರ್ತಿ ಕೂಗು. ಅದನ್ನು ಡ್ಯಾಶ್‌ಬೋರ್ಡ್ ಕೆಳಗಿನ ಕಬ್ಬಿಣದ ಅಡ್ಡ ಪಟ್ಟಿಗೆ ಎರಡು ಕೇಬಲ್ ಟೈ ಹಾಕಿ ಬಿಗಿಯಾಗಿ ಕಟ್ಟಿಸಿ. ಡಬಲ್ ಟೇಪಿನಲ್ಲಿ ಪ್ಲಾಸ್ಟಿಕ್‌ಗೆ ಅಂಟಿಸಿದರೆ ಬೇಸಿಗೆಗೆ ಬಿಟ್ಟುಕೊಂಡು ತಂತಿಯಲ್ಲಿ ನೇತಾಡುತ್ತೆ, ಆಮೇಲೆ ಗಾಳಿ ಬೀಸಿದರೂ ಕೂಗುತ್ತೆ. ಹೊಂದಿಸೋದು ಹೀಗೆ: ಸೆನ್ಸರ್ ಮೇಲಿನ ಸಣ್ಣ ಸ್ಕ್ರೂ ಪೂರ್ತಿ ಕಡಿಮೆಗೆ ತಿರುಗಿಸಿ, ಕಾರು ಲಾಕ್ ಮಾಡಿ, ಅರ್ಧ ನಿಮಿಷ ಬಿಟ್ಟು ಬಾಗಿಲ ಪಕ್ಕದ ಕಂಬಕ್ಕೆ ಅಂಗೈಯಲ್ಲಿ ಬಡಿಯಿರಿ. ಸುಮ್ಮನಿದ್ದರೆ ಸ್ಕ್ರೂ ಕಾಲು ಸುತ್ತು ಹೆಚ್ಚಿಸಿ ಮತ್ತೆ ನೋಡಿ. ಗಟ್ಟಿಯಾಗಿ ಬಡಿದಾಗ ಕೂಗಬೇಕು, ಟಯರಿಗೆ ಕಾಲು ತಾಗಿಸಿದರೆ ಕೂಗಬಾರದು. ಮನೆ ಮುಂದಿನ ರಸ್ತೆ ಇಳಿಜಾರಾಗಿ ಲಾರಿ ಓಡಾಟ ಇದ್ದರೆ ಇನ್ನೂ ಒಂದು ಚೂರು ಇಳಿಸಿ.

ಬಾನೆಟ್ ಕೆಳಗಿನ ಪಿನ್ ಸ್ವಿಚ್ ನಮ್ಮ ಮಳೆಗೆ ಬೇಗ ತುಕ್ಕು ಹಿಡಿಯುತ್ತೆ. ಸಿಕ್ಕಿಕೊಂಡರೆ ಬಾನೆಟ್ ತೆರೆದೇ ಇದೆ ಅಂತ ತಿಳಿದು ನಡುರಾತ್ರಿ ಕೂಗುತ್ತೆ, ಅಥವಾ ತೆರೆದರೂ ಸುಮ್ಮನಿರುತ್ತೆ. ನೀರು ಹರಿಯುವ ಕಾಲುವೆಯಲ್ಲಿ ಕೂರಿಸಬೇಡಿ, ಮಳೆಗಾಲಕ್ಕೆ ಮೊದಲೊಮ್ಮೆ, ನಡುವೆ ಒಮ್ಮೆ ವ್ಯಾಸಲೀನ್ ಹಚ್ಚಿ.

ಫಿಟ್ಟಿಂಗ್ ಮಾಡುವವರನ್ನು ಕೇಳಬೇಕಾದ್ದು ನಾಲ್ಕು ಮಾತು. ನಿಮ್ಮ ಮಾಡೆಲ್‌ಗೆ ಕಪ್ಲರ್, ಅಂದರೆ ಹಾಗೇ ಸಿಕ್ಕಿಸುವ ಪ್ಲಗ್ ಸಮೇತ ವೈರಿಂಗ್ ಸಿಗುತ್ತಾ? ಸಿಕ್ಕರೆ ತಂತಿ ಕತ್ತರಿಸೋದು ತಪ್ಪುತ್ತೆ, ವಾರಂಟಿ ತಕರಾರೂ ಕಮ್ಮಿ. ಸಿಗದಿದ್ದರೆ ಸೇರಿಸುವ ಜಾಗದಲ್ಲಿ ಸೋಲ್ಡರ್ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ಹಾಕಲಿ. ಬರೀ ತಿರುಚಿ ಟೇಪ್ ಸುತ್ತಿದರೆ ಬೇಸಿಗೆಗೆ ಅಂಟು ಕರಗಿ ಜಾರುತ್ತೆ, ಮಳೆಗಾಲಕ್ಕೆ ತಂತಿ ಹಸಿರು ಹಿಡಿಯುತ್ತೆ. ಬ್ಯಾಟರಿಯಿಂದ ಬರುವ ತಂತಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು, ಡ್ಯಾಶ್‌ಬೋರ್ಡ್ ಹತ್ತಿರ ಅಲ್ಲ. ಫ್ಯೂಸಿಗೆ ಮೊದಲೇ ತಂತಿ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ. ಎಂಜಿನ್ ಕಡೆಯ ತಂತಿಯೆಲ್ಲ ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಪೈಪಿನೊಳಗೆ ಹೋಗಲಿ, ಇಲಿ ಕಾಟ ನಿಮಗೆ ಗೊತ್ತೇ ಇದೆ. ಇನ್ನು ವ್ಯಾಲೆ ಸ್ವಿಚ್, ಅಂದರೆ ರಿಮೋಟ್ ಇಲ್ಲದೆ ಅಲಾರಂ ನಿಲ್ಲಿಸುವ ಗುಂಡಿ. ಎಲ್ಲರೂ ಅದನ್ನು ಸ್ಟೀರಿಂಗ್ ಕೆಳಗೇ ಕೂರಿಸ್ತಾರೆ, ಅದು ಕಳ್ಳರಿಗೂ ಗೊತ್ತು. ಬೇರೆ ಜಾಗ ನೀವೇ ತೋರಿಸಿ, ಮನೆಯವರಿಗೆ ಹೇಳಿಡಿ. ಗಾಜಿಗೆ ಕಿಟ್ ಕಂಪನಿಯ ಸ್ಟಿಕ್ಕರ್ ಅಂಟಿಸಬೇಡಿ, ಒಳಗೆ ಏನಿದೆ ಅಂತ ಹೇಳಿಕೊಟ್ಟ ಹಾಗಾಗುತ್ತೆ. ಮಿನುಗುವ ಕೆಂಪು ದೀಪ ಸಾಕು.

ತೋಟದ ಪಿಕಪ್ ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಬರಬೇಕು. ಕಿಟ್ ಜೊತೆ ಬರುವ ರಿಲೇ, ಅಂದರೆ ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್, ಸಾಮಾನ್ಯವಾಗಿ ಸ್ಟಾರ್ಟರ್ ತಂತಿ ಕಟ್ ಮಾಡುತ್ತೆ. ಬಯಲು ಸೀಮೆಯಲ್ಲಿ ಅದು ಸಾಕಾಗಬಹುದು. ಮಲೆನಾಡಿನಲ್ಲಿ ಗಾಡಿ ನಿಲ್ಲೋದೇ ಇಳಿಜಾರಲ್ಲಿ. ಹ್ಯಾಂಡ್ ಬ್ರೇಕ್ ಬಿಟ್ಟು, ಎರಡನೇ ಗೇರಿಗೆ ಹಾಕಿ, ಹತ್ತು ಮಾರು ಉರುಳಿಸಿ ಕ್ಲಚ್ ಬಿಟ್ಟರೆ ಹಳೇ ಡೀಸೆಲ್ ಎಂಜಿನ್ ಹೊತ್ತಿಕೊಳ್ಳುತ್ತೆ, ಸ್ಟಾರ್ಟರ್ ಬೇಕಾಗೇ ಇಲ್ಲ. ಮೆಕ್ಯಾನಿಕಲ್ ಪಂಪಿನ ಎಂಜಿನ್ ಒಮ್ಮೆ ಹಿಡಿದ ಮೇಲೆ ಅದಕ್ಕೆ ಕರೆಂಟೇ ಬೇಡ, ಪಂಪಿನ ಮೇಲೆ ಡೀಸೆಲ್ ತಡೆಯುವ ಸೊಲೆನಾಯ್ಡ್ (ಕರೆಂಟಿನ ವಾಲ್ವ್) ಇದ್ದರೆ ಅದಕ್ಕೆ ಮಾತ್ರ 12 ವೋಲ್ಟ್ ಬೇಕು. ಆ ತಂತಿಗೆ ರಿಲೇ ಹಾಕಿದರೂ ಬಾನೆಟ್ ಎತ್ತಿ ಬ್ಯಾಟರಿಯಿಂದ ಒಂದು ತುಂಡು ತಂತಿ ಎಳೆದರೆ ಮುಗೀತು. ಇನ್ನು ನಾಬ್ ಎಳೆದು ಎಂಜಿನ್ ನಿಲ್ಲಿಸುವ ಗಾಡಿಯಾದರೆ ಅಲಾರಂ ಕಟ್ ಮಾಡೋಕೆ ತಂತಿಯೇ ಇಲ್ಲ.

ಅದಕ್ಕೆ ಪಿಕಪ್‌ಗೆ ಮೊದಲು ಗೇರ್ ಲಾಕ್. ತಳಕ್ಕೆ ಬೋಲ್ಟ್ ಆಗುವಂಥದ್ದು, ಬಿಗಿದ ಮೇಲೆ ಬೋಲ್ಟಿನ ತಲೆ ಮುರಿದುಹೋಗುವ ಥರದ್ದು ತಗೊಳ್ಳಿ. ರಿವರ್ಸ್‌ನಲ್ಲಿ ಲಾಕ್ ಮಾಡಿ ನಿಲ್ಲಿಸಿದರೆ ಇಳಿಜಾರಲ್ಲಿ ಮುಂದಕ್ಕೆ ಉರುಳಿಸಿ ಹೊತ್ತಿಸೋಕೆ ಆಗಲ್ಲ. ಕೆಲವರು ಡೀಸೆಲ್ ಪೈಪಿಗೆ ಗುಟ್ಟಾಗಿ ವಾಲ್ವ್ ಹಾಕಿಸ್ತಾರೆ. ಕೆಲಸ ಮಾಡುತ್ತೆ, ಫಿಲ್ಟರಲ್ಲಿ ಉಳಿದ ಡೀಸೆಲ್ ತೀರುವ ತನಕ ಓಡಿ ನಿಲ್ಲುತ್ತೆ. ಆದರೆ ಬೆಳಗ್ಗೆ ಡ್ರೈವರ್ ತೆರೆಯೋದು ಮರೆತರೆ ಏರ್ ಹಿಡಿದು, ಪಂಪ್ ಹೊಡೆದು ಏರ್ ತೆಗೆಯುತ್ತಾ ಕೂರಬೇಕು. ಕುಯ್ಲಿನ ಸಮಯದಲ್ಲಿ ಆ ತಲೆನೋವು ಬೇಡ.

ನಿಮ್ಮ ಕಡೆ ಹೋಗಿರೋದು ಬ್ಯಾಟರಿ, ಗಾಡಿ ಅಲ್ಲ. ಅದಕ್ಕೆ ಯಾವ ಅಲಾರಂಗಿಂತ ಕಬ್ಬಿಣ ಒಳ್ಳೇದು. 25 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ಬ್ಯಾಟರಿ ಮೇಲೆ ಅಡ್ಡ ಬರುವ ಹಾಗೆ ಚೌಕಟ್ಟು ಮಾಡಿಸಿ, ಒಂದು ಕಡೆ ಕೀಲು, ಇನ್ನೊಂದು ಕಡೆ ಬೀಗ. ಬೀಗದ ಕೊಂಡಿ ಕಟ್ಟರ್‌ಗೆ ಸಿಗದ ಹಾಗೆ ಸುತ್ತ ಪೈಪಿನ ತುಂಡು ವೆಲ್ಡ್ ಮಾಡಿಸಿ. ವೆಲ್ಡಿಂಗ್ ಎಲ್ಲ ಬ್ಯಾಟರಿ ತೆಗೆದು ಹೊರಗಿಟ್ಟ ಮೇಲೆ. ಪಟ್ಟಿಗೆ ಹಳೇ ಟ್ಯೂಬಿನ ರಬ್ಬರ್ ಸುತ್ತಿರಬೇಕು, ಪ್ಲಸ್ ಟರ್ಮಿನಲ್‌ಗೆ ತಾಗಿದರೆ ಕಿಡಿ ಹಾರುತ್ತೆ. ಬ್ಯಾಟರಿ ಮೈಮೇಲೆ ಗಾಡಿ ನಂಬರ್ ಕೆತ್ತಿ, ಸೀರಿಯಲ್ ನಂಬರಿನ ಫೋಟೊ ಇಟ್ಟುಕೊಳ್ಳಿ, ಕಳುವಾದರೆ ಸ್ಟೇಷನ್ನಲ್ಲಿ ಬೇಕಾಗುತ್ತೆ. ನೆಗೆಟಿವ್ ಕಡೆ ಕೀ ತೆಗೆಯುವ ಕಟ್‌ಆಫ್ ಸ್ವಿಚ್ ಹಾಕಿಸಿದರೆ ತಿಂಗಳುಗಟ್ಟಲೆ ನಿಂತರೂ ಬ್ಯಾಟರಿ ಇಳಿಯಲ್ಲ, ಆದರೆ ಎಂಜಿನ್ ಓಡುವಾಗ ಅದನ್ನು ಯಾವತ್ತೂ ಆಫ್ ಮಾಡಬಾರದು, ಆಲ್ಟರ್ನೇಟರ್ ಡಯೋಡ್ ಸುಡುತ್ತೆ.

ಪಿಕಪ್ ಶೆಡ್ಡಿನಲ್ಲಿ ನಿಲ್ಲೋದಾದರೆ ಅಲಾರಂ ಗಾಡಿಗಲ್ಲ, ಶೆಡ್ ಬಾಗಿಲಿಗೆ ಹಾಕಿ. ಬಾಗಿಲಿಗೆ ಮ್ಯಾಗ್ನೆಟ್ ಸ್ವಿಚ್, ಅಲ್ಲಿಂದ ಎರಡೆಳೆ ತಂತಿ ಲೈನ್ ಮನೆ ತನಕ, ಸೈರನ್ ಅಲ್ಲಿ. ಬಾಗಿಲು ಮುಚ್ಚಿದ್ದಾಗ ಸರ್ಕ್ಯೂಟ್ ಕೂಡಿಕೊಂಡಿರುವ ಥರ ಜೋಡಿಸಿದರೆ ನಡುವೆ ತಂತಿ ಕತ್ತರಿಸಿದರೂ ಕೂಗುತ್ತೆ. 200–300 ಮೀಟರ್ ತೊಂದರೆಯಿಲ್ಲ, ಸ್ವಿಚ್ಚಿನಲ್ಲಿ ಹರಿಯೋ ಕರೆಂಟ್ ಅತ್ಯಲ್ಪ. ಕಣದಲ್ಲಿ ಕಾಫಿ ಒಣಗುವ ಕಾಲಕ್ಕೆ ಗೋಡೌನ್ ಬಾಗಿಲನ್ನೂ ಅದೇ ತಂತಿಗೆ ಸೇರಿಸಬಹುದು.

ಪೇಟೆ ಕಾರಿನಲ್ಲಿ ಚಿಪ್ ಕೀ ಇಲ್ಲ ಅಂತಾದರೆ ಮಾತ್ರ ಎಂಜಿನ್ ಕಟ್ ಯೋಚಿಸಿ. 30 ಅಥವಾ 40 ಆಂಪಿಯರ್ ರಿಲೇಯಲ್ಲಿ 30 ಮತ್ತು 87ಎ ಅಂತ ನಂಬರ್ ಇರುವ ಕಾಲುಗಳಿಗೆ ತಂತಿ ಕೊಟ್ಟರೆ ಅಲಾರಂ ಕೆಟ್ಟರೂ ಕಾರು ಓಡುತ್ತೆ, ಆದರೆ ಕಳ್ಳ ಕಿಟ್‌ನ ಕಪ್ಲರ್ ಎಳೆದರೂ ಓಡುತ್ತೆ. 30 ಮತ್ತು 87ಕ್ಕೆ ಕೊಟ್ಟರೆ ಕಿಟ್ ಜೀವಂತ ಇದ್ದರೆ ಮಾತ್ರ ಓಡುತ್ತೆ. ಈ ಎರಡನೇ ಜೋಡಣೆ ಸ್ಟಾರ್ಟರ್ ತಂತಿಗೆ ಮಾತ್ರ, ಅದಕ್ಕೆ ಬೇಕಾದ ಔಟ್‌ಪುಟ್ ಕಿಟ್‌ನಲ್ಲಿದ್ದರೆ. ಕೆಟ್ಟರೆ ಕಾರು ಸ್ಟಾರ್ಟ್ ಆಗಲ್ಲ ಅಷ್ಟೇ. ಪೆಟ್ರೋಲ್ ಪಂಪಿನ ತಂತಿಗೆ ಅದನ್ನು ಕೊಡಲೇಬೇಡಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ರಿಲೇ ಕೈಕೊಟ್ಟು ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಕಲ್ಲಿನಂತಾಗುತ್ತೆ, ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಪೆಡಲ್ಲೂ ಗಟ್ಟಿ. ಓಡುವಾಗ ಎಂಜಿನ್ ನಿಲ್ಲಿಸುವ ‘ಆ್ಯಂಟಿ ಹೈಜಾಕ್’ ಅನ್ನೋದು ಕಿಟ್‌ನಲ್ಲಿದ್ದರೆ ಇದೇ ಕಾರಣಕ್ಕೆ ಆಫ್ ಮಾಡಿಸಿ.

ಬಿಲ್ ಕೊಡೋ ಮೊದಲು ಪರೀಕ್ಷೆ ಮಾಡಿ. ಕಿಟಕಿ ಇಳಿಸಿ, ರಿಮೋಟಲ್ಲಿ ಲಾಕ್ ಮಾಡಿ, ಒಂದು ನಿಮಿಷ ಬಿಟ್ಟು ಕೈ ಒಳಗೆ ಹಾಕಿ ಬಾಗಿಲು ತೆಗೆಯಿರಿ. ನಾಲ್ಕೂ ಬಾಗಿಲು, ಡಿಕ್ಕಿ, ಬಾನೆಟ್ ಒಂದೊಂದಾಗಿ. ಬ್ಯಾಟರಿ ತಂತಿ ತೆಗೆದಾಗ ಸೈರನ್ ಕೂಗಬೇಕು. ಕೊನೆಗೆ ಮಲ್ಟಿಮೀಟರನ್ನು 10 ಆಂಪಿಯರ್‌ಗೆ ಇಟ್ಟು ಬ್ಯಾಟರಿಯ ನೆಗೆಟಿವ್ ಕಡೆ ಸರಣಿಯಲ್ಲಿ ಸೇರಿಸಿ, ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ನೋಡಿ. ಮೀಟರ್ ಇರುವಾಗ ಸ್ಟಾರ್ಟ್ ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತೆ. ಒಟ್ಟು 50 ಮಿಲಿ ಆಂಪಿಯರ್ ಒಳಗಿರಬೇಕು. ಅಲಾರಂ ಒಂದೇ 20 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಆಂಪಿಯರ್ ಅವರ್, ತಿಂಗಳಿಗೆ 14–15. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿಗೆ ಅದು ಅರ್ಧದ ಹತ್ತಿರ. ಮಳೆಗಾಲದಲ್ಲಿ ನೀವು ಕಾರು ಮುಟ್ಟದೆ ತೋಟದಲ್ಲೇ ಉಳಿಯೋದಿದ್ದರೆ ವಾರಕ್ಕೊಮ್ಮೆ ಯಾರಾದರೂ ಅರ್ಧ ಗಂಟೆ ಓಡಿಸಲಿ.

ಇನ್ಶೂರೆನ್ಸ್ ಬಗ್ಗೆ ಎರಡು ಮಾತು. ವಾಹನ ಪರೀಕ್ಷೆ ಮಾಡುವ ಸಂಸ್ಥೆ ಎಆರ್‌ಎಐ ಒಪ್ಪಿದ ಕಳ್ಳತನ ತಡೆ ಸಾಧನ ಆದರೆ ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ನಷ್ಟಕ್ಕೆ ಕಟ್ಟುವ) ಪ್ರೀಮಿಯಂನಲ್ಲಿ 2.5 ಶೇಕಡ, ಹೆಚ್ಚೆಂದರೆ 500 ರೂಪಾಯಿ ರಿಯಾಯಿತಿ ಅಂತ ನಿಯಮ ಇದ್ದದ್ದು, ಬಿಲ್ ಮತ್ತು ಸರ್ಟಿಫಿಕೇಟ್ ತಗೊಂಡು ನವೀಕರಣಕ್ಕೆ ಮೊದಲು ಏಜೆಂಟರನ್ನು ಕೇಳಿ. ಪಿಕಪ್‌ಗೆ ಬರೀ ಥರ್ಡ್ ಪಾರ್ಟಿ ಇದ್ದರೆ ಕಳುವಿಗೆ ಒಂದು ಪೈಸೆ ಬರಲ್ಲ. ಕ್ಲೇಮ್ ಮಾಡುವಾಗ ಎರಡೂ ಕೀ ಕೇಳ್ತಾರೆ, ಹಾಗಾಗಿ ಎರಡನೇ ಕೀ, ಎರಡನೇ ರಿಮೋಟ್ ಗಾಡಿಯೊಳಗೆ ಇಡಬೇಡಿ.

ಪಿಕಪ್‌ನ ಡೀಸೆಲ್ ಪಂಪಿನ ಫೋಟೊ ಹಗಲಲ್ಲಿ ತೆಗೆದು ಇಲ್ಲಿ ಹಾಕಿ, ಸೊಲೆನಾಯ್ಡ್ ಇದೆಯೋ ಕೇಬಲ್ಲೋ ಅಂತ ನೋಡಿ ಮುಂದಿನದು ಹೇಳ್ತೀನಿ. ಗೇರ್ ಲಾಕ್ ಮತ್ತು ಬ್ಯಾಟರಿ ಚೌಕಟ್ಟಿಗೆ ಅದರವರೆಗೂ ಕಾಯಬೇಕಿಲ್ಲ, ಈ ವಾರವೇ ಮಾಡಿಸಿ.