ಹೋಸ್ಟಾಕ್ಕೆ ಬೆಂಗಳೂರಿನ ಚಳಿ ಸಾಲದು

ಪ್ರಶ್ನೆ: ನಮ್ಮ ಹಿತ್ತಲಿನಲ್ಲಿ ಮಾವಿನ ಮರದ ದಟ್ಟ ನೆರಳಿದೆ. ಅಲ್ಲಿಗೆಂದು ಎಲೆಯ ನಡುವೆ ಬಿಳಿ, ಅಂಚಿನಲ್ಲಿ ಹಸಿರು ಇರುವ ಪುಟ್ಟ ಹೋಸ್ಟಾ ಗಿಡ ತರಿಸಿ ನೆಟ್ಟೆ. ಮೊದಲ ವರ್ಷ ಚೆನ್ನಾಗಿತ್ತು. ಈಗ ಎಲೆಗಳು ಹೆಬ್ಬೆರಳಿನ ಉಗುರಿನಷ್ಟಾಗಿವೆ. ಒಂದು ಕವಲು ಪೂರ್ತಿ ಹಸಿರಾಗಿದೆ. ಯಾವ ಗೊಬ್ಬರ ಹಾಕಬೇಕು ಮೇಡಂ?
– ಓದುಗರು, ಮಲ್ಲೇಶ್ವರ

ಉತ್ತರ: ಗೊಬ್ಬರದ ಚೀಲವನ್ನು ಮೊದಲು ಪಕ್ಕಕ್ಕಿಡಿ. ನಿಮ್ಮ ಗಿಡ ನಿದ್ದೆಗೆಟ್ಟಿದೆ.

ಹೋಸ್ಟಾ ಜಪಾನ್, ಕೊರಿಯಾ, ಚೀನಾ ಕಡೆಯ ಗಿಡ. ಅಲ್ಲಿನ ಚಳಿಗಾಲದಲ್ಲಿ ಎಲೆಯೆಲ್ಲ ಕಳೆದುಕೊಂಡು, ಬೇರು ಬುಡವಷ್ಟೇ ಉಳಿದು ಮಲಗುತ್ತದೆ. 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ ಕೆಲವು ವಾರ ಸಿಕ್ಕರೆ ಮಾತ್ರ ಮೈತುಂಬಿ ಏಳುತ್ತದೆ. ನಮ್ಮೂರಿನಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 15–16 ಡಿಗ್ರಿ. ದಾಖಲೆಯ ಕನಿಷ್ಠವೇ 7.8, ಅದೂ 1884ರಲ್ಲಿ. ಮಂಕಿ ಕ್ಯಾಪು ಹಾಕಿಕೊಂಡು ನಡುಗುವವರು ನಾವು. ಹೋಸ್ಟಾ ಅದನ್ನು ಚಳಿಯೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಕೂಡಿಟ್ಟ ಕಸುವನ್ನು ಕರಗಿಸುತ್ತ ವರ್ಷವರ್ಷಕ್ಕೂ ಕುಗ್ಗುತ್ತದೆ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ತೀರ ಕಡಿಮೆ, ಆದ್ದರಿಂದ ನಡುವೆಲ್ಲ ಬಿಳಿಯಿರುವ ಪುಟ್ಟ ತಳಿಗೆ ಕಷ್ಟ ಇನ್ನೂ ಹೆಚ್ಚು. ಹಸಿರಾದ ಕವಲನ್ನು ಬುಡದಿಂದಲೇ ಬಿಡಿಸಿ ತೆಗೆಯಿರಿ, ಇಲ್ಲದಿದ್ದರೆ ಬಿಳಿಯದನ್ನು ಅದು ನುಂಗಿಹಾಕುತ್ತದೆ.

ಹಟವಿದ್ದರೆ ಫ್ರಿಜ್ ಇದೆ. ಡಿಸೆಂಬರ್ ಶುರುವಿನಲ್ಲಿ ಎಲೆ ಕತ್ತರಿಸಿ, ಬುಡವನ್ನು ತುಸು ತೇವದ ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಹುದುಗಿಸಿ, ತೂತು ಮಾಡಿದ ಚೀಲದಲ್ಲಿ ಹಾಕಿ ತರಕಾರಿ ಡಬ್ಬದಲ್ಲಿ ಎಂಟು ವಾರ ಇಡಿ. ಪಕ್ಕದಲ್ಲಿ ಸೇಬು ಬೇಡ, ಅದು ಬಿಡುವ ಎಥಿಲೀನ್ ಅನಿಲ ಮೊಗ್ಗನ್ನು ಕೆಡಿಸಬಹುದು. ಶುಂಠಿಯೆಂದು ಯಾರಾದರೂ ಚಹಾಕ್ಕೆ ಜಜ್ಜಿಬಿಟ್ಟಾರು, ಚೀಟಿ ಅಂಟಿಸಿ. ಹೊರತೆಗೆದ ಮೇಲೆ ಕುಂಡದಲ್ಲೇ ಬೆಳೆಸಿ. ನೆಲದಲ್ಲಿ ಮಾವಿನ ಬೇರುಗಳು ನೀರು ಉಳಿಸುವುದಿಲ್ಲ, ಮಳೆಗಾಲದಲ್ಲಿ ಬಸವನಹುಳುಗಳು ಎಲೆ ಉಳಿಸುವುದಿಲ್ಲ.

ಪ್ರತಿ ವರ್ಷ ಇಷ್ಟು ಉಪಚಾರ ನನ್ನ ಕೈಲಂತೂ ಆಗದು. ಆ ನೆರಳಿಗೆ ನಾನು ಕೆಲಾಡಿಯಂ ಇಡುತ್ತೇನೆ. ದಕ್ಷಿಣ ಅಮೆರಿಕದ್ದಾದರೂ ನಮ್ಮ ಕೆಸುವಿನ ಬಳಗವೇ. ಅದರಲ್ಲಿ ಹಂಬೋಲ್ಟಿ ಎಂಬ ಕಿರುಜಾತಿಯಿದೆ; ಹಸಿರೆಲೆಯ ತುಂಬ ಬಿಳಿ ಮಚ್ಚೆ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ವಿಚಾರಿಸಿ ನೋಡಿ. ಚಳಿಗಾಲದಲ್ಲಿ ಎಲೆ ಬಾಡಿದರೆ ಸತ್ತಿತೆಂದು ಎಸೆಯಬೇಡಿ. ನೀರು ನಿಲ್ಲಿಸಿ ಕುಂಡವನ್ನು ಮೂಲೆಗಿಡಿ, ಬೇಸಿಗೆಯ ಮಳೆ ಬಿದ್ದಾಗ ಗಡ್ಡೆ ಚಿಗುರುತ್ತದೆ. ಮನೆಯಲ್ಲಿ ಎಲೆ ಕಚ್ಚುವ ನಾಯಿಮರಿ, ಮಗು ಇದ್ದರೆ ಕುಂಡ ಎತ್ತರದಲ್ಲಿರಲಿ. ಇದರ ರಸಕ್ಕೆ ಬಾಯಿ ಉರಿದು ಊದಿಕೊಳ್ಳುತ್ತದೆ.